ಕಾಲಲ್ಲಿ ಓದುವ ಬೆಂಗಳೂರು

(ಹಾಸ್ಟೆಲಿನ ಗೆಳೆಯರ ಮುಂದೆ ಆಡಿದ ಮಾತು. ಆಡಿದ ಹಾಗೇ ಬರೆದಿದ್ದೇವೆ.)

ಇವತ್ತು ನಾವು ಮಾತಾಡೋಕೆ ಹೊರಟಿರೋದು ನಡಿಗೆಯ ಬಗ್ಗೆ. ಮೆರವಣಿಗೆ ಅಲ್ಲ, ಜಾಥಾ ಅಲ್ಲ, ಸುಮ್ಮನೆ ನಡಿಗೆ. ಭಾನುವಾರ ಬೆಳಿಗ್ಗೆ ನಾಲ್ಕೈದು ಜನ ಸೇರಿಕೊಂಡು, ಗೈಡೂ ಇಲ್ಲದೆ ಟಿಕೇಟೂ ಇಲ್ಲದೆ, ಈ ಬೆಂಗಳೂರಿನ ಬೀದಿಗಳಲ್ಲಿ ನಡೆಯುತ್ತಾ ಅದರ ಚರಿತ್ರೆ ಓದೋದರ ಬಗ್ಗೆ. ಕೆಲವರಿಗೆ ನಗು ಬರಬಹುದು. ಪರೀಕ್ಷೆ ಹತ್ತಿರ ಇದೆ, ಸ್ಕಾಲರ್‌ಶಿಪ್ ಬಂದಿಲ್ಲ, ಮೆಸ್ಸಿನ ಸಾರಿನಲ್ಲಿ ಬೇಳೆ ಹುಡುಕಬೇಕು, ಇವರು ನೋಡಿದ್ರೆ ಊರು ಸುತ್ತೋಕೆ ಕರೀತಿದ್ದಾರಲ್ಲ ಅಂತ. ಕೇಳಿ, ಆಮೇಲೆ ನಗಿ.

ನಡೆಯೋದು ಅಂದ್ರೆ ನಮ್ಮ ಜನಕ್ಕೆ ಸಣ್ಣ ಮಾತಾಗಿರಲಿಲ್ಲ. ಪೇಶ್ವೆಗಳ ಕಾಲದ ಪುಣೆಯಲ್ಲಿ ಅಸ್ಪೃಶ್ಯರು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು, ಕೊರಳಿಗೆ ಮಡಕೆ ನೇತುಹಾಕಿಕೊಂಡು ಬೀದಿಗೆ ಬರಬೇಕಿತ್ತು ಅಂತ ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಬರೆದಿದ್ದಾರೆ. ತಮ್ಮ ಹೆಜ್ಜೆ ಗುರುತನ್ನು ತಾವೇ ಗುಡಿಸೋಕೆ ಪೊರಕೆ, ಉಗುಳು ನೆಲಕ್ಕೆ ಬೀಳದಿರೋಕೆ ಮಡಕೆ. ತಿರುವಾಂಕೂರಿನ ವೈಕಂನಲ್ಲಿ 1924ರಲ್ಲಿ ಸತ್ಯಾಗ್ರಹ ಶುರುವಾದದ್ದು ಗುಡಿಯೊಳಕ್ಕೆ ಹೋಗೋಕಲ್ಲ, ಗುಡಿ ಸುತ್ತಲ ರಸ್ತೆಯಲ್ಲಿ ನಡೆಯೋಕೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನಲ್ಲಿ ಸಾವಿರಾರು ಜನರೊಡನೆ ಚೌದಾರ್ ಕೆರೆಗೆ ನಡೆದುಹೋಗಿ ನೀರು ಕುಡಿದರು. ನಾವೆಲ್ಲ ಅದನ್ನು ನೀರಿನ ಸತ್ಯಾಗ್ರಹ ಅಂತೀವಿ, ಸರಿ. ಆದ್ರೆ ಕೆರೆ ಮುಟ್ಟೋಕೆ ಮುಂಚೆ ಅವರು ಊರೊಳಗಿನ ಬೀದಿಯಲ್ಲಿ ಎದೆಯೆತ್ತಿ ನಡೆದಿದ್ದರು. ನಮ್ಮ ಕಡೆ ಹಳ್ಳಿಗಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಊರ ಬೀದಿ ದಾಟಿದ ಅಜ್ಜಂದಿರ ಮೊಮ್ಮಕ್ಕಳು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ ಅಂತ ಕೇಳೋದಿಲ್ಲ. ಅದು ಎಣಿಸದೆ ಗೊತ್ತಿರೋ ಲೆಕ್ಕ.

ಈಗ ನಾವು ಪಟ್ಟಣಕ್ಕೆ ಬಂದಿದ್ದೀವಿ. ಇಲ್ಲಿ ಯಾರೂ ಚಪ್ಪಲಿ ಬಿಡು ಅನ್ನಲ್ಲ. ಹಂಗಂತ ಈ ಊರು ನಮ್ಮದು ಅನ್ನಿಸಿದೆಯಾ? ಹಾಸ್ಟೆಲಿನಿಂದ ಕಾಲೇಜು, ಕಾಲೇಜಿನಿಂದ ಹಾಸ್ಟೆಲ್ಲು. ಬಸ್ಸಿನ ಕಿಟಕಿಯಲ್ಲಿ ಹಾದುಹೋದದ್ದಷ್ಟೇ ನಮ್ಮ ಬೆಂಗಳೂರು. ಬಾಡಿಗೆ ರೂಮು ಕೇಳೋಕೆ ಹೋದರೆ ‘ನೀವು ಯಾವ ಜನ’ ಅಂತ ಮನೆಯೊಡತಿ ನಯವಾಗಿ ಕೇಳ್ತಾಳೆ. ಆಗ ನಾವು ನೆಂಟರ ಮನೆಗೆ ಕರೆಯದೆ ಬಂದವರ ಥರ ಮುದುರಿಕೊಳ್ತೀವಿ. ಇದು ಯಾರದೋ ಊರು, ನಾವು ಮೊನ್ನೆ ಮೊನ್ನೆ ಬಂದವರು ಅನ್ನೋ ಭಾವನೆ ಒಳಗೆ ಕೂತುಬಿಟ್ಟಿದೆ. ಅದು ಸುಳ್ಳು ಭಾವನೆ. ಅದನ್ನು ಕೀಳೋಕೆ ಭಾಷಣ ಸಾಲದು, ಕಾಲು ಬೇಕು.

ಈ ಊರಿನ ಚರಿತ್ರೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಹೆರಿಟೇಜ್ ವಾಕ್ ಅಂತ ಮಾಡ್ತಾರೆ. ಫೀಸು ಕಟ್ಟಬೇಕು. ಬಿಸಿಲು ಟೋಪಿ, ಕ್ಯಾಮರಾ, ಕೊನೆಗೆ ಮಸಾಲೆ ದೋಸೆ. ಅವರನ್ನು ಬೈಯೋಕೆ ನಾವು ಬಂದಿಲ್ಲ. ಹಳೇ ಕಟ್ಟಡ ಉಳಿಯಲಿ ಅನ್ನೋರು ಒಳ್ಳೇ ಕೆಲಸವನ್ನೇ ಮಾಡ್ತಿದ್ದಾರೆ. ಆದ್ರೆ ಅವರು ಮುಂಬಾಗಿಲಲ್ಲಿ ನಿಂತು ಕತೆ ಹೇಳ್ತಾರೆ. ಇದನ್ನು ಯಾರು ಕಟ್ಟಿಸಿದರು ಅಂತ ಹೇಳ್ತಾರೆ. ನಮ್ಮ ಕನ್ನಡದಲ್ಲಿ ಒಂದು ಕಣ್ಕಟ್ಟು ಇದೆ ನೋಡಿ. ‘ಕಟ್ಟಿದ’ ಅನ್ನೋದಕ್ಕೆ ಒಂದು ‘ಸಿ’ ಸೇರಿಸಿದರೆ ‘ಕಟ್ಟಿಸಿದ’. ಅಷ್ಟೇ ಸಾಕು, ಕಲ್ಲು ಹೊತ್ತವನು ಮಾಯ. ಕೆರೆ ಕಟ್ಟಿಸಿದ, ಕೋಟೆ ಕಟ್ಟಿಸಿದ, ಬಾವಿ ತೋಡಿಸಿದ, ಕಾಡು ಕಡಿಸಿದ. ಚರಿತ್ರೆಯ ಪುಸ್ತಕ ಪೂರಾ ಈ ‘ಸಿ’ ಮೇಲೆ ನಿಂತಿದೆ. ನಾವು ನಡೆಯೋವಾಗ ಮಾಡಬೇಕಾದ್ದು ಒಂದೇ ಕೆಲಸ. ಬೋರ್ಡು ಕಂಡಲ್ಲೆಲ್ಲ ಆ ‘ಸಿ’ ತೆಗೆದು ಓದೋದು.

ಮೆಜೆಸ್ಟಿಕ್ಕಿನಿಂದ ಶುರು ಮಾಡೋಣ. ನಮ್ಮಲ್ಲಿ ಬಹಳ ಜನ ಊರಿಂದ ಬಂದು ಇಳಿದದ್ದು ಅಲ್ಲೇ. ಇಳಿದ ಜಾಗ ಒಂದು ಕೆರೆಯ ಹೊಟ್ಟೆ. ಧರ್ಮಾಂಬುಧಿ ಕೆರೆ ಅಂತ ಅದರ ಹೆಸರು. ಹಳೇ ಪೇಟೆಯ ಜನ ಅದರ ನೀರು ಕುಡಿದು ಬದುಕಿದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಕೆರೆಯನ್ನು ಕೇಳೋರು ಇಲ್ಲದಾಯ್ತು. ಬತ್ತಿತು, ಮೈದಾನವಾಯ್ತು, ಸುಭಾಷ್‌ನಗರ ಅನ್ನಿಸಿಕೊಂಡಿತು, ಬಸ್ ನಿಲ್ದಾಣವಾಯ್ತು. ಈಗ ಅದರ ಅಡಿಯಲ್ಲಿ ಮೆಟ್ರೋ ರೈಲು ಓಡ್ತಿದೆ. ಸಾಕ್ಷಿ ಬೇಕಾ? ಪಕ್ಕದಲ್ಲೇ ಟ್ಯಾಂಕ್ ಬಂಡ್ ರೋಡ್ ಅಂತ ರಸ್ತೆ ಇದೆ. ಅಂದ್ರೆ ಕೆರೆ ಏರಿ ರಸ್ತೆ. ಕೆರೆ ಇಲ್ಲ, ಏರಿಯ ಹೆಸರು ಇದೆ. ಊರ ತಾಯಿ ಅಣ್ಣಮ್ಮನ ಗುಡಿ ಇದೆ. ನೀರು ಹೋದ ಮೇಲೂ ಅವಳು ಜಾಗ ಬಿಟ್ಟು ಕದಲಿಲ್ಲ.

ಅಲ್ಲಿ ಐದು ನಿಮಿಷ ನಿಂತು ಯೋಚನೆ ಮಾಡಿ. ಕೆರೆ ಕೆಂಪೇಗೌಡರ ಕಾಲದ್ದು ಅಂತಾರೆ. ನದಿಯಿಲ್ಲದ ಈ ದಿಬ್ಬದ ಮೇಲೆ ಊರು ನಿಲ್ಲಬೇಕಾದ್ರೆ ಕೆರೆ ಬೇಕು ಅಂತ ಕಂಡ ಕಣ್ಣು ದೊಡ್ಡದೇ, ಅದನ್ನು ಸಣ್ಣದು ಮಾಡೋ ಮಾತಲ್ಲ. ಆದ್ರೆ ಗುದ್ದಲಿ ಹಿಡಿದ ಕೈ ಯಾರದು? ಈ ನಾಡಿನಲ್ಲಿ ಮಣ್ಣು ಅಗೆಯೋದು, ಏರಿ ಹಾಕೋದು, ಕಲ್ಲು ಒಡೆಯೋದು ಭೋವಿಗಳ ಕೆಲಸ, ಉಪ್ಪಾರರ ಕೆಲಸ, ಕೇರಿಯಿಂದ ಬಿಟ್ಟಿಗೆ ಹಿಡಿದು ತಂದ ಆಳುಗಳ ಕೆಲಸ. ಕೋಲಾರ, ಬೆಂಗಳೂರು ಸೀಮೆಯ ಹಳ್ಳಿಗಳಲ್ಲಿ ಕೆರೆಯ ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿ ಬಹಳ ಕಡೆ ನಮ್ಮ ಕೇರಿಯವನೇ. ಯಾರ ಗದ್ದೆಗೆ ಎಷ್ಟು ನೀರು ಅನ್ನೋ ನ್ಯಾಯ ಅವನ ಕೈಯಲ್ಲಿ. ಅದೇ ಕೈ ಊರ ಬಾವಿಯ ಹಗ್ಗ ಮುಟ್ಟಂಗಿಲ್ಲ. ಇದನ್ನು ಯಾವ ಬೋರ್ಡಿನಲ್ಲೂ ಬರೆದಿಲ್ಲ. ನೀವು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೀರಿ. ನಿಮ್ಮೂರಲ್ಲಿ ನೀರುಗಂಟಿ ಯಾರಾಗಿದ್ದರು ಅಂತ ಅಪ್ಪನಿಗೆ ಫೋನು ಮಾಡಿ ಕೇಳಿ, ಅದನ್ನೂ ಬರೀರಿ.

ಬಸ್‌ಸ್ಟ್ಯಾಂಡ್ ದಾಟಿದರೆ ಉಪ್ಪಾರಪೇಟೆ. ಅಲ್ಲಿಂದ ಚಿಕ್ಕಪೇಟೆ ಕಡೆಗೆ ನಡೀತಾ ಹೋಗಿ. ಅಂಗಡಿ ನೋಡಬೇಡಿ, ಪೇಟೆಗಳ ಹೆಸರು ನೋಡಿ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ. ಇವು ಸರಕಿನ ಹೆಸರುಗಳು. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ. ಇವು ಜನದ ಹೆಸರುಗಳು. ಯಾವ ಕಸುಬಿನವನು ಎಲ್ಲಿ ಕೂರಬೇಕು ಅಂತ ಗೆರೆ ಹೊಡೆದು ಕಟ್ಟಿದ ಊರು ಇದು. ನಾವು ಆ ಗಲ್ಲಿಗಳಲ್ಲಿ ಬೋರ್ಡು ಓದ್ತಾ ಓದ್ತಾ ಹೋದೆವು. ಮಾದಿಗರಪೇಟೆ ಅಂತ ಒಂದು ಬೋರ್ಡು ಕಾಣಲಿಲ್ಲ. ಹೊಲೆಯರಪೇಟೆ ಅಂತ ಕಾಣಲಿಲ್ಲ. ಎಣ್ಣೆ ಗಾಣ, ಮಡಕೆ, ಬಳೆ ಎಲ್ಲದಕ್ಕೂ ಪೇಟೆ ಉಂಟು, ಚರ್ಮಕ್ಕೆ ಇಲ್ಲ. ಚರ್ಮವಿಲ್ಲದೆ ಊರು ನಡೀತಿತ್ತಾ? ಬಾವಿಯಿಂದ ಕಪಿಲೆ ಹೊಡೆಯೋಕೆ ಚರ್ಮದ ಬಾನಿ ಬೇಕು, ಕುದುರೆಗೆ ಜೀನು ಬೇಕು, ತಮಟೆಗೆ ಚರ್ಮ ಬೇಕು, ಸಿಪಾಯಿಗೆ ಮೆಟ್ಟು ಬೇಕು. ಚರ್ಮದ ಹೆಸರು ಹೊತ್ತ ರಸ್ತೆಯೊಂದು ನಮಗೆ ಸಿಕ್ಕಿದ್ದು ದಂಡಿನ ಪ್ರದೇಶದ ಆಚೆ, ಅದೂ ಇಂಗ್ಲಿಷಿನಲ್ಲಿ. ಟ್ಯಾನರಿ ರೋಡ್. ಅಂದ್ರೆ ನಮ್ಮ ಕಸುಬಿನ ಹೆಸರನ್ನು ಬೋರ್ಡಿಗೆ ಹಾಕೋಕೆ ಬಿಳಿಯರ ಭಾಷೆಯೇ ಬರಬೇಕಾಯ್ತು.

ಚಿಕ್ಕಪೇಟೆಯೂ ಹಳೇ ದೊಡ್ಡಪೇಟೆಯೂ, ಅಂದ್ರೆ ಇವತ್ತಿನ ಅವೆನ್ಯೂ ರೋಡೂ, ಕೂಡೋ ಚೌಕದಲ್ಲಿ ನಿಂತುಕೊಳ್ಳಿ. ನೂಕುನುಗ್ಗಲು ಜಾಸ್ತಿ, ಕೈಗಾಡಿಯವರು ಬೈತಾರೆ, ಪಕ್ಕಕ್ಕೆ ನಿಲ್ಲಿ. ಕೆಂಪೇಗೌಡರು 1537ರಲ್ಲಿ ನಾಲ್ಕು ಜೋಡಿ ಎತ್ತುಗಳನ್ನು ಇಲ್ಲಿಂದ ನಾಲ್ಕು ದಿಕ್ಕಿಗೆ ಹೊಡೆಸಿ ಊರಿನ ಗಡಿ ಗುರುತಿಸಿದರು ಅಂತ ಕತೆ. ಹೊಡೆ‘ಸಿ’ದರು. ಎತ್ತು ಹೊಡೆದ ಆ ನಾಲ್ಕು ಜನ ಯಾರು? ಅವರ ಹೆಸರು ಕತೆಯಲ್ಲಿ ಇಲ್ಲ. ನೊಗಕ್ಕೆ ಕಟ್ಟಿದ ಮಿಣಿ ಯಾರು ಹೊಸೆದದ್ದು? ಅದೂ ಇಲ್ಲ. ಕೋಟೆ ಬಾಗಿಲು ನಿಲ್ಲಲಿಲ್ಲ, ಬಸುರಿ ಸೊಸೆ ಲಕ್ಷ್ಮಿದೇವಿ ಪ್ರಾಣ ಕೊಟ್ಟಳು, ಆಮೇಲೆ ನಿಂತಿತು ಅನ್ನೋ ಕತೆ ಮಾತ್ರ ಎಲ್ಲರಿಗೂ ಗೊತ್ತು. ಕೋರಮಂಗಲದಲ್ಲಿ ಅವಳ ಸ್ಮಾರಕ ಇದೆ. ಕತೆ ನಿಜವೋ ಸುಳ್ಳೋ, ಒಂದು ಮಾತು ಅದರಲ್ಲಿ ಇದೆ. ಊರು ನಿಲ್ಲೋಕೆ ಯಾರದೋ ಜೀವ ಬೀಳಬೇಕು ಅಂತ ಈ ಸಮಾಜ ನಂಬಿತ್ತು. ಒಬ್ಬ ಹೆಂಗಸಿನ ಜೀವ, ಅದೂ ಬಸುರಿ ಜೀವ.

ಇನ್ನೊಂದು ಕತೆ, ಬೆಂದಕಾಳೂರಿನದು. ಹೊಯ್ಸಳ ರಾಜ ಬಲ್ಲಾಳ ದಾರಿ ತಪ್ಪಿ ಬಂದ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೆ ಊರಿಗೆ ಈ ಹೆಸರು ಅಂತ. ಬೇಗೂರಿನ ದೇವಸ್ಥಾನದಲ್ಲಿ ಸುಮಾರು 890ನೇ ಇಸವಿಯ ಒಂದು ಕಲ್ಲು ಇದೆ. ಅದರಲ್ಲಿ ಬೆಂಗಳೂರ ಕಾಳಗ ಅಂತ ಆಗಲೇ ಬರೆದಿದೆ. ಬಲ್ಲಾಳರು ಹುಟ್ಟೋಕೆ ಇನ್ನೂ ಇನ್ನೂರು ವರ್ಷಕ್ಕಿಂತ ಜಾಸ್ತಿ ಬಾಕಿ. ಕತೆ ಹೋಯ್ತು, ಕಲ್ಲು ಉಳಿಯಿತು. ನಮಗೆ ಬೇಕಾದ್ದು ಇದು. ಈ ಊರಿನ ಹೆಸರು ಮೊದಲು ಸಿಕ್ಕೋದು ಯಾವ ರಾಜನ ಹೊಗಳಿಕೆಯಲ್ಲೂ ಅಲ್ಲ, ಜಗಳದಲ್ಲಿ ಸತ್ತವನೊಬ್ಬನ ಕಲ್ಲಿನಲ್ಲಿ. ಬೇಗೂರು ದೂರ, ಅಲ್ಲಿಗೆ ಬೇರೆ ಭಾನುವಾರ ಇಟ್ಟುಕೊಳ್ಳಿ.

ಅವೆನ್ಯೂ ರೋಡು ಹಿಡಿದು ಕೆಳಕ್ಕೆ ಬಂದ್ರೆ ಕೆ.ಆರ್. ಮಾರ್ಕೆಟ್ಟು. 1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಹತ್ತಿದ್ದು ಇದೇ ಜಾಗದ ಸುತ್ತ. ಹೆರಿಟೇಜಿನವರು ಇದನ್ನು ಬಹಳ ಹೆಮ್ಮೆಯಿಂದ ಹೇಳ್ತಾರೆ. ಶಿವನಸಮುದ್ರದ ಕರೆಂಟು ಅದು. ಆದ್ರೆ ಆ ಕರೆಂಟು ಮೊದಲು ಹರಿದದ್ದು ಬೆಂಗಳೂರಿಗಲ್ಲ. ಮೂರು ವರ್ಷ ಮುಂಚೆ, 1902ರಲ್ಲಿ, ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಇಂಗ್ಲಿಷ್ ಕಂಪೆನಿಗೆ ಬಂಡೆಯೊಳಗಿನ ಚಿನ್ನ ಬೇಕಿತ್ತು. ಅದನ್ನು ಮೇಲಕ್ಕೆ ತರೋಕೆ ಪಾತಾಳಕ್ಕೆ ಇಳಿದವರು ಬಹುಪಾಲು ದಲಿತರು. ಉತ್ತರ ಆರ್ಕಾಟು ಕಡೆಯಿಂದ ಬಂದು ಕೂಲಿ ಲೈನುಗಳಲ್ಲಿ ಸಂಸಾರ ಹೂಡಿದವರು. ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಹಂಗೇ ಇವೆ. ಬೀದಿದೀಪದ ಕೆಳಗೆ ನಿಂತು ಫೋಟೋ ಹೊಡೆಸಿಕೊಳ್ಳೋರಿಗೆ ಆ ತಂತಿಯ ಇನ್ನೊಂದು ತುದಿ ಎಲ್ಲಿದೆ ಅಂತ ಹೇಳೋರು ಯಾರು? ಕೋಲಾರದ ಹುಡುಗರು ಇಲ್ಲಿ ಇದ್ದೀರಿ. ನೀವೇ ಹೇಳಬೇಕು.

ಮಾರ್ಕೆಟ್ಟಿನ ಎದುರಿಗೆ ಕೋಟೆ. ಉಳಿದಿರೋದು ಒಂದು ತುಂಡು, ದಿಲ್ಲಿ ಬಾಗಿಲು. ಗೋಡೆಯಲ್ಲಿ ಒಂದು ಕಲ್ಲು ಹಲಗೆ. 1791ರ ಮಾರ್ಚ್ 21ರಂದು ಬ್ರಿಟಿಷರು ಇಲ್ಲಿ ಗೋಡೆ ಒಡೆದು ನುಗ್ಗಿದರು ಅಂತ. ಬರೆದವರು ಗೆದ್ದವರು. ಟಿಪ್ಪುವಿನ ಕಡೆ ಸತ್ತ ಸಿಪಾಯಿಗಳ ಹೆಸರು ಅದರಲ್ಲಿ ಇಲ್ಲ. ಕಾರ್ನ್‌ವಾಲಿಸನ ಕಡೆ ಬಂದ ದೇಶಿ ಸಿಪಾಯಿಗಳ ಹೆಸರೂ ಇಲ್ಲ. ಮದ್ರಾಸು ಸೈನ್ಯಕ್ಕೆ ಪರೈಯರು ದೊಡ್ಡ ಸಂಖ್ಯೆಯಲ್ಲಿ ಸೇರುತ್ತಿದ್ದರು ಅನ್ನೋದು ಗೊತ್ತಿರೋ ವಿಷಯ. ಊರಲ್ಲಿ ಬೀದಿ ನಡೆಯೋಕೆ ಬಿಡದವನ ಕೈಗೆ ಬಿಳಿಯ ಬಂದೂಕು ಕೊಟ್ಟ. ಅವನು ತಗೊಂಡ. ಅವನನ್ನು ದೇಶದ್ರೋಹಿ ಅನ್ನೋಕೆ ಮುಂಚೆ ಅವನಿಗೆ ಯಾವ ದೇಶ ಕೊಟ್ಟಿದ್ದಿರಿ ಅಂತ ಕೇಳಬೇಕಾಗುತ್ತೆ. ಇದರ ಬಗ್ಗೆ ನಮ್ಮ ನಮ್ಮಲ್ಲೇ ಜಗಳ ಇದೆ, ಇರಲಿ. ಕೋಟೆ ಮುಂದೆ ನಿಂತು ಜಗಳ ಆಡಿ, ಅದಕ್ಕೇ ಅದು ಇರೋದು.

ಕೋಟೆ ಪಕ್ಕದಲ್ಲಿ ವಿಕ್ಟೋರಿಯಾ ಆಸ್ಪತ್ರೆ. 1900ರಲ್ಲಿ ಲಾರ್ಡ್ ಕರ್ಜನ್ ಬಂದು ತೆರೆದದ್ದು. ಅದಕ್ಕೆ ಎರಡು ವರ್ಷ ಹಿಂದೆ, 1898ರಲ್ಲಿ, ಈ ಪೇಟೆಯೊಳಕ್ಕೆ ಪ್ಲೇಗು ಬಂದಿತ್ತು, ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಇಲಿ ಬಿತ್ತು, ಜನ ಬಿದ್ದರು, ಉಳಿದವರು ಮನೆ ಬಿಟ್ಟು ಬಯಲಿಗೆ ಓಡಿದರು. ಈ ಊರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಇವತ್ತಿಗೂ ಇವೆ. ಮನೆಯವರೇ ಹೆಣ ಮುಟ್ಟದೆ ಓಡಿದಾಗ ಹೆಣ ಎತ್ತಿದವರು ಯಾರಿರಬಹುದು? ನಾವು ಉತ್ತರ ಹೇಳಲ್ಲ. 2020ರಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಬೆಳಿಗ್ಗೆ ಬೀದಿಗೆ ಇಳಿದ ಕೈಗಳು ಯಾರವು ಅಂತ ನಮ್ಮ ಕಣ್ಣಾರೆ ಕಂಡಿದ್ದೀವಿ.

ಒಂದು ಭಾನುವಾರಕ್ಕೆ ಇಷ್ಟು ಸಾಕು, ಕಾಲು ನೋಯುತ್ತೆ. ಎರಡನೇ ಭಾನುವಾರ ಮಲ್ಲೇಶ್ವರ. ಯಾಕೆ ಅಲ್ಲಿಗೆ ಅಂದ್ರೆ, ಪ್ಲೇಗಿನ ಕತೆ ಅಲ್ಲಿ ಮುಂದುವರಿಯುತ್ತೆ. ಪೇಟೆಯ ಇಕ್ಕಟ್ಟಿನಿಂದ ಓಡಿದ ಉಳ್ಳವರಿಗೆ ನೆಲೆಯಾಗಿ 1890ರ ದಶಕದಲ್ಲಿ ಎರಡು ಹೊಸ ಬಡಾವಣೆ ಎದ್ದವು, ಬಸವನಗುಡಿ ಮತ್ತು ಮಲ್ಲೇಶ್ವರ. ಅಗಲ ರಸ್ತೆ, ಗಾಳಿ ಬೆಳಕು, ಮನೆ ಮುಂದೆ ಸಂಪಿಗೆ ಮರ. ಹೊಸ ಕಾಲ, ಹೊಸ ಊರು ಅಂತ ಎಲ್ಲರೂ ಹೊಗಳಿದರು. ಆ ಹೊಸ ಊರಿನಲ್ಲೂ ಜಾತಿವಾರು ಭಾಗ ಮಾಡಿ ಸೈಟು ಹಂಚಿದರು. ಪೇಟೆಯಲ್ಲಿ ಜಾತಿ ತಾನಾಗೇ ಬೆಳೆದಿತ್ತು, ಹಳೇದು ಅನ್ನಬಹುದು. ಇಲ್ಲಿ ಎಂಜಿನಿಯರು ಸ್ಕೇಲು ಇಟ್ಟು ಗೆರೆ ಎಳೆದ.

ಮಲ್ಲೇಶ್ವರದಲ್ಲಿ 8ನೇ ಕ್ರಾಸು ಬೇಡ, ಸಂಪಿಗೆ ರೋಡು ಬೇಡ. ಮನೆಗಳ ಹಿಂದಕ್ಕೆ ಹೋಗಿ. ಎರಡು ಸಾಲು ಮನೆಗಳ ಬೆನ್ನು ಬೆನ್ನಿನ ನಡುವೆ ಒಂದು ಸಣ್ಣ ಗಲ್ಲಿ ಕಾಣುತ್ತೆ. ಇದಕ್ಕೆ ಕನ್ಸರ್ವೆನ್ಸಿ ಲೇನ್ ಅಂತಾರೆ. ಕನ್ನಡದಲ್ಲಿ ಹೇಳೋದಾದ್ರೆ ಮಲದ ಗಲ್ಲಿ. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಮನೆಯ ಹಿಂದೆ ಇರುತ್ತಿತ್ತು. ಅದರ ಬೆನ್ನಿಗೆ ಗಲ್ಲಿ ಕಡೆ ಒಂದು ಕಿಂಡಿ. ಮಲ ಬಾಚೋ ಮನುಷ್ಯ ಮುಂದಿನ ರಸ್ತೆಗೆ ಬರಂಗಿಲ್ಲ. ಅವನು ಹಿಂದಿನ ಗಲ್ಲಿಯಲ್ಲಿ ಬರಬೇಕು, ಕಿಂಡಿಗೆ ಕೈ ಹಾಕಿ ಬಾಚಬೇಕು, ತಲೆ ಮೇಲೆ ಹೊತ್ತು ಹಿಂದಿನಿಂದಲೇ ಹೋಗಬೇಕು. ಮನೆಯವರ ಕಣ್ಣಿಗೆ ಅವನು ಬೀಳಂಗಿಲ್ಲ.

ಗೆಳೆಯರೆ, ಇದನ್ನು ಸ್ವಲ್ಪ ನಿಧಾನ ಕೇಳಿಸಿಕೊಳ್ಳಿ. ಹಳ್ಳಿಯಲ್ಲಿ ಕೇರಿ ಊರಿನ ಹೊರಗೆ ಇತ್ತು. ಪಟ್ಟಣಕ್ಕೆ ಬಂದ್ರೆ ಜಾತಿ ಕರಗುತ್ತೆ ಅಂತ ನಮಗೆ ಪಾಠ ಮಾಡಿದರು. ಪಟ್ಟಣ ಏನು ಮಾಡಿತು? ಕೇರಿಯನ್ನು ತೆಳ್ಳಗೆ ಹೊಸೆದು ಪ್ರತಿ ಮನೆಯ ಬೆನ್ನಿಗೆ ಅಂಟಿಸಿತು. ಊರಿಗೊಂದು ಕೇರಿ ಅಂತ ಇದ್ದದ್ದು ಬೀದಿಗೊಂದು ಕೇರಿ ಆಯಿತು. ಮುಂದಿನ ರಸ್ತೆಗೆ ಸಂಪಿಗೆ ಅಂತ ಹೆಸರು, ಹಿಂದಿನದಕ್ಕೆ ಹೆಸರೇ ಇಲ್ಲ. ಅಸ್ಪೃಶ್ಯತೆ ಅನ್ನೋದು ಹಳ್ಳಿಯ ಮುದುಕರ ತಲೆಯಲ್ಲಿರೋ ಮೌಢ್ಯ ಅಂತ ಯಾರಾದರೂ ಲೆಕ್ಚರು ಕೊಟ್ಟರೆ ಅವರನ್ನು ಕರಕೊಂಡು ಬಂದು ಈ ಗಲ್ಲಿ ತೋರಿಸಿ. ಇದು ಮೌಢ್ಯ ಅಲ್ಲ, ಇದು ಪ್ಲಾನು. ಸರ್ಕಾರ ಪಾಸು ಮಾಡಿದ ಪ್ಲಾನು.

ಈಗ ಕೆಲವು ಗಲ್ಲಿಗಳ ಗೋಡೆಗೆ ಬಣ್ಣದ ಚಿತ್ರ ಬರೆದಿದ್ದಾರೆ. ಹೂವು, ಹಕ್ಕಿ. ನೋಡೋಕೆ ಚೆನ್ನಾಗಿದೆ, ಮಕ್ಕಳು ಓಡಾಡಲಿ, ಬೇಡ ಅನ್ನಲ್ಲ. ಆದ್ರೆ ಚಿತ್ರದ ಕೆಳಗೆ ಈ ಗಲ್ಲಿ ಯಾಕೆ ಇತ್ತು ಅಂತ ನಾಲ್ಕು ಸಾಲು ಬರೆದಿದ್ದರೆ ಬಣ್ಣ ಕೆಡುತ್ತಿರಲಿಲ್ಲ. ನಾವು ಗಲ್ಲಿಗಳಲ್ಲಿ ನಡೆಯೋವಾಗ ಹಳೇ ಗೋಡೆಗಳ ಬುಡ ನೋಡ್ತಾ ಹೋಗಿ. ಇಟ್ಟಿಗೆ ಹಾಕಿ ಮುಚ್ಚಿದ ಚೌಕ ಎಲ್ಲಾದರೂ ಕಂಡರೆ ಅಳತೆ ತಗೊಂಡು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ವಯಸ್ಸಾದವರು ಇದ್ದರೆ ವಿನಯದಿಂದ ಕೇಳಿ, ಹಿಂದೆ ಯಾರು ಬರ್ತಿದ್ದರು, ಅವರ ಹೆಸರು ಏನು ಅಂತ. ಹೆಸರು ನೆನಪಿಲ್ಲ ಅಂದರೆ ನೆನಪಿಲ್ಲ ಅಂತಲೇ ಬರೀರಿ. ಅದೂ ಚರಿತ್ರೆಯೇ.

ಮಲ ಹೊರುವುದನ್ನು ನಿಲ್ಲಿಸಬೇಕು ಅಂತ ಕರ್ನಾಟಕದಲ್ಲಿ ಹುಕುಂ ಮಾಡಿಸಿದ್ದು 1970ರ ದಶಕದ ಆರಂಭದಲ್ಲಿ, ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಊರೂರೇ ಹೊತ್ತಿಕೊಂಡಿತು, ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು, ಅವರ ಮಂತ್ರಿಗಿರಿ ಹೋಯ್ತು. ಅವರು ಮಲದ ಬುಟ್ಟಿ ಇಳಿಸಿದ್ದಕ್ಕೆ ಯಾರೂ ಬೀದಿಗೆ ಬಂದು ಜೈಕಾರ ಹಾಕಲಿಲ್ಲ. ಬೂಸಾ ಮಾತು ಎಲ್ಲರಿಗೂ ನೆನಪಿದೆ, ಬುಟ್ಟಿ ಮಾತು ಮರೆತಿದೆ. 1976ರಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಸಿಕ್ಕಿದರೆ ಓದಿ, ಕಾದಂಬರಿಗಿಂತ ಗಟ್ಟಿ. 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಕಾನೂನು ಬಂದ ಮೇಲೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ಓದ್ತಾನೇ ಇದ್ದೀವಿ. ಗಲ್ಲಿ ನೆಲದ ಮೇಲಿಂದ ನೆಲದ ಅಡಿಗೆ ಹೋಯಿತು, ಅಷ್ಟೇ.

ಮಲ್ಲೇಶ್ವರದ ಕಾಡುಮಲ್ಲೇಶ್ವರ ಗುಡಿಯ ಬಗ್ಗೆ ಒಂದು ಮಾತು. ಅಲ್ಲಿ 1669ರ ಶಾಸನ ಇದೆ, ಶಿವಾಜಿಯ ಮಲತಮ್ಮ ಏಕೋಜಿಯದು. ದೇವರಿಗೆ ಮೇದರನಿಂಗನಹಳ್ಳಿ ಅನ್ನೋ ಊರನ್ನು ದಾನ ಕೊಟ್ಟದ್ದು ಅದರಲ್ಲಿದೆ. ಹೆಸರನ್ನು ಬಿಡಿಸಿ ಓದಿ. ಮೇದರ ನಿಂಗನ ಹಳ್ಳಿ. ಬುಟ್ಟಿ ಹೆಣೆಯೋ ಒಬ್ಬ ನಿಂಗ ಯಾವತ್ತೋ ಬಿದಿರು ಸೀಳುತ್ತಾ ಕೂತ ಜಾಗ ಇರಬೇಕು. ಕಲ್ಲಿನಲ್ಲಿ ಅವನ ಹೆಸರು ಉಳಿದದ್ದು ಅವನಿಗೆ ಏನೋ ಕೊಟ್ಟರು ಅಂತಲ್ಲ, ಅವನ ಹೆಸರಿನ ಊರನ್ನು ಇನ್ಯಾರಿಗೋ ಕೊಟ್ಟರು ಅಂತ.

ಅಲ್ಲಿಂದ ಶೇಷಾದ್ರಿಪುರದ ಮೇಲೆ ಇಳಿದು ಬಂದ್ರೆ ಫ್ರೀಡಂ ಪಾರ್ಕು. ಅದು ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ದೊಡ್ಡ ದೊಡ್ಡ ನಾಯಕರನ್ನು ಇಟ್ಟದ್ದು ಇಲ್ಲೇ. 2008ರಲ್ಲಿ ಉದ್ಯಾನವಾಯ್ತು. ಕಾವಲು ಗೋಪುರ, ಬ್ಯಾರಕ್ಕುಗಳನ್ನು ಉಳಿಸಿಕೊಂಡಿದ್ದಾರೆ. 2021ರ ಆದೇಶ ಬಂದ ಮೇಲೆ ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆ ಅಂದ್ರೆ ಇದರ ಕಾಂಪೌಂಡಿನೊಳಗೆ. 2022ರ ಜುಲೈನಲ್ಲಿ ಕೆಲಸ ಕಾಯಂ ಮಾಡಿ ಅಂತ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತದ್ದೂ ಇಲ್ಲೇ. ಊರಿನ ಬೀದಿಗಳನ್ನೆಲ್ಲ ಗುಡಿಸೋ ಹೆಂಗಸರು ತಮ್ಮ ಮಾತು ಹೇಳೋಕೆ ಆ ಬೀದಿಗಳಲ್ಲಿ ನಡೆಯಂಗಿಲ್ಲ, ಹಳೇ ಜೈಲಿನ ಗೋಡೆಯೊಳಗೆ ಕೂರಬೇಕು. ಸಾವಿರ ಜನ ಹೊರಟರೆ ಪರ್ಮಿಷನ್ ಬೇಕು. ನಾಲ್ಕು ಜನ ನೋಟ್‌ಬುಕ್ ಹಿಡಿದು ಹೊರಟರೆ ಸದ್ಯಕ್ಕೆ ಯಾರೂ ಕೇಳಲ್ಲ. ಆದ್ದರಿಂದ ನಾವು ಅಲ್ಲಿಂದ ವಿಧಾನಸೌಧದವರೆಗೆ ನಡೆದೇ ಹೋಗ್ತೀವಿ.

ವಿಧಾನಸೌಧಕ್ಕೆ ನೆಹರೂ ಅವರು 1951ರ ಜುಲೈ 13ರಂದು ಅಡಿಗಲ್ಲು ಹಾಕಿದರು. ಮುಗಿದದ್ದು 1956ರಲ್ಲಿ, ಬಾಬಾಸಾಹೇಬರು ತೀರಿಕೊಂಡ ವರ್ಷ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದರು. ನೋಡಿ, ಮತ್ತೆ ‘ಸಿ’ ಬಂತು. ಬಿಳಿಯರ ಕಟ್ಟಡಕ್ಕಿಂತ ದೊಡ್ಡದಾಗಿ ನಮ್ಮ ಜನ ಕಟ್ಟಬಲ್ಲರು ಅಂತ ತೋರಿಸಬೇಕು ಅನ್ನೋ ಛಲ ಅವರದು, ಅದು ನಮಗೂ ಇಷ್ಟವೇ. ಆದ್ರೆ ಸುತ್ತ ಒಂದು ಸಲ ಬನ್ನಿ. ಒಂದೊಂದು ಕಂಬ, ಒಂದೊಂದು ಕಮಲ, ಉಳಿ ಏಟು ಲೆಕ್ಕ ಹಾಕಿ. ಕೂಲಿಗಳು, ಕಲ್ಲುಕುಟಿಗರು ಸಾವಿರಾರು ಜನ. ಸಾಲದ್ದಕ್ಕೆ ಜೈಲಿನ ಕೈದಿಗಳನ್ನೂ ಹಚ್ಚಿ ಕೆಲಸ ಮಾಡಿಸಿದರು. ಮೇಲೆ ದೊಡ್ಡ ಅಕ್ಷರದಲ್ಲಿ ಸರ್ಕಾರದ ಕೆಲಸ ದೇವರ ಕೆಲಸ ಅಂತ ಕೆತ್ತಿದೆ. ಆ ಅಕ್ಷರ ಕೆತ್ತಿದವನಿಗೆ ಅದನ್ನು ಓದೋಕೆ ಬರ್ತಿತ್ತೋ ಇಲ್ಲವೋ. ನಮಗೆ ಬರುತ್ತೆ. ಹಾಸ್ಟೆಲಿನಲ್ಲಿ ಇರೋದು ಅದಕ್ಕೇ.

ಎದುರಿಗೆ ಅಂಬೇಡ್ಕರ್ ಬೀದಿ, ಕೆಳಗೆ ಅಂಬೇಡ್ಕರ್ ಹೆಸರಿನ ಮೆಟ್ರೋ ನಿಲ್ದಾಣ, ಬಾಬಾಸಾಹೇಬರ ಪ್ರತಿಮೆ. ಏಪ್ರಿಲ್ 14ಕ್ಕೆ ಹಾರ ಹಾಕೋಕೆ ಬಂದಾಗ ನೋಡಿದ್ದೀರಿ. ಹಾರ, ಗದ್ದಲ ಇಲ್ಲದ ಭಾನುವಾರ ಒಮ್ಮೆ ಬಂದು ನೋಡಿ. ಅಲ್ಲಿಂದ ಕಬ್ಬನ್ ಪಾರ್ಕಿನ ಒಳಗೆ ನಡೆದರೆ ಕೆಂಪು ಕಟ್ಟಡದಲ್ಲಿ ಕೇಂದ್ರ ಗ್ರಂಥಾಲಯ ಇದೆ, 1915ರ ಕಟ್ಟಡ. ಮೊದಲು ಕಾಲಲ್ಲಿ ಓದಿ, ಆಮೇಲೆ ಯಾವತ್ತಾದರೂ ಅಲ್ಲಿ ಕೂತು ಪುಸ್ತಕದಲ್ಲಿ ಓದಿ. ಬಿ.ಎಲ್. ರೈಸ್ ಅನ್ನೋ ಬಿಳಿಯ, ಇದೇ ಬೆಂಗಳೂರಿನಲ್ಲಿ ಹುಟ್ಟಿದವನು, ಹಳ್ಳಿ ಹಳ್ಳಿ ತಿರುಗಿ ಸಾವಿರಾರು ಶಾಸನ ಓದಿಸಿ ಅಚ್ಚು ಹಾಕಿದ. 1905ರಲ್ಲಿ ಬಂದ ಒಂಬತ್ತನೇ ಸಂಪುಟ ಬೆಂಗಳೂರು ಜಿಲ್ಲೆಯದು. ನಿಮ್ಮೂರ ಗುಡಿ ಮುಂದಿನ ಕಲ್ಲು ಅದರಲ್ಲಿ ಇರಬಹುದು. ಗುಡಿಯೊಳಕ್ಕೆ ಬಿಡದಿದ್ದವರ ಮಕ್ಕಳು ಪುಸ್ತಕದೊಳಗೆ ಆ ಕಲ್ಲನ್ನು ಮುಟ್ಟಬಹುದು.

ಬೇರೆ ಊರಿನ ಹಾಸ್ಟೆಲಿನಿಂದ ಬಂದಿರೋ ಗೆಳೆಯರು ಬೆಂಗಳೂರಿನದೇ ಆಯ್ತು ಅನ್ನಬೇಡಿ. ಮೈಸೂರಿನವರು ಅರಮನೆಗೆ ಬೆನ್ನು ಹಾಕಿ ಅಶೋಕಪುರದಿಂದ ಶುರು ಮಾಡಿ. ಕೋಲಾರದವರು ಲೈನುಗಳಿಂದ ಮಾಡಿ, ಅಲ್ಲಿನ ಅಜ್ಜಿಯರು ಇರೋವಾಗಲೇ ಮಾಡಿ. ಕಟ್ಟಡ ಇನ್ನೂ ಹತ್ತು ವರ್ಷ ಇದ್ದೀತು.

ಎರಡು ಮೂರು ಎಚ್ಚರಿಕೆ ಮಾತು. ಕೆಲಸ ಮಾಡ್ತಿರೋ ಪೌರಕಾರ್ಮಿಕರ ಫೋಟೋ ಕೇಳದೆ ಹೊಡೀಬೇಡಿ. ಅವರು ನಮ್ಮ ನಡಿಗೆಯ ಪ್ರದರ್ಶನ ಅಲ್ಲ, ನಮ್ಮ ಅಕ್ಕಂದಿರು. ಬೆಳಿಗ್ಗೆ ಆರು ಗಂಟೆಗೆ ಅವರು ಬೀದಿಯಲ್ಲಿ ಇರ್ತಾರೆ. ಟೀ ಕೊಡಿಸಿ, ಪಕ್ಕದಲ್ಲಿ ಕೂತು ಮಾತಾಡಿ, ಯಾವ ಊರು, ಯಾವಾಗ ಬಂದದ್ದು ಅಂತ ಕೇಳಿ. ಹೆಣ್ಣು ಮಕ್ಕಳು ಇಬ್ಬರು ಮೂವರಾದರೂ ಗುಂಪಿನಲ್ಲಿ ಇರಬೇಕು. ಗಲ್ಲಿಯೊಳಗಿನ ಮನೆಯವರು ಹುಡುಗರೊಂದಿಗೆ ಮಾತಾಡದೆ ಇರಬಹುದು, ಅವರ ಜೊತೆ ಮಾತಾಡ್ತಾರೆ. ಯಾರಾದರೂ ಗದರಿಸಿದರೆ ಜಗಳಕ್ಕೆ ನಿಲ್ಲಬೇಡಿ, ಸಾರ್ವಜನಿಕ ರಸ್ತೆ ಅಂತ ಹೇಳಿ ಮುಂದೆ ನಡೀರಿ. ಬರೆದದ್ದನ್ನು ಈ ಪತ್ರಿಕೆಗೆ ಕಳಿಸಿ. ಅಕ್ಷರ ದುಂಡಗೆ ಇರಬೇಕು ಅಂತಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಅಣ್ಣಮ್ಮನ ಗುಡಿ ಮುಂದೆ ಸೇರ್ತೀವಿ. ಒಂದು ಬಾಟಲಿ ನೀರು, ಒಂದು ಪೆನ್ನು, ಹಿಂದೆ ಖಾಲಿ ಹಾಳೆ ಇರೋ ಯಾವುದಾದರೂ ಹಳೇ ನೋಟ್‌ಬುಕ್ಕು ತನ್ನಿ. ಚಪ್ಪಲಿ ಗಟ್ಟಿಯಾಗಿರಲಿ.